ಇಂಟರ್ನ್‌ಶಿಪ್ ಎಂಬ ಹೊಸ ವಾರಾನ್ನ

ಊರಿನ ಏಳು ಮನೆಗಳನ್ನು ವಾರದ ಏಳು ದಿನಗಳಿಗೆ ಗೊತ್ತುಮಾಡಿಕೊಂಡು, ಸೋಮವಾರ ಒಬ್ಬರ ಮನೆಯಲ್ಲಿ, ಮಂಗಳವಾರ ಮತ್ತೊಬ್ಬರ ಮನೆಯಲ್ಲಿ ಉಣ್ಣುತ್ತ ಓದು ಮುಗಿಸುತ್ತಿದ್ದ ಬಡ ವಿದ್ಯಾರ್ಥಿಗಳ ಪದ್ಧತಿಗೆ ಕನ್ನಡದಲ್ಲಿ ವಾರಾನ್ನವೆಂದು ಹೆಸರು. ವಿದ್ಯಾರ್ಥಿನಿಲಯಗಳೂ ಮಠಗಳ ದಾಸೋಹವೂ ಬೆಳೆದ ಮೇಲೆ ಈ ಪದ್ಧತಿ ಅಳಿಯಿತೆಂದೂ, ಈಗ ಅದು ಹಿರಿಯರ ಆತ್ಮಕಥೆಗಳ ಮೊದಲ ಅಧ್ಯಾಯಗಳಲ್ಲಿ ಮಾತ್ರ ಉಳಿದಿದೆಯೆಂದೂ ತಿಳಿದವರು ಹೇಳುತ್ತಾರೆ. ಬೆಂಗಳೂರಿನಲ್ಲಿ ಇಂಟರ್ನ್‌ಶಿಪ್ ಮಾಡುತ್ತಿರುವ ಇಂಜಿನಿಯರಿಂಗ್ ವಿದ್ಯಾರ್ಥಿಯ ಒಂದು ವಾರದ ಊಟದ ಪಟ್ಟಿಯನ್ನು ಎದುರಿಗಿಟ್ಟುಕೊಂಡು ನೋಡಿದರೆ ಈ ತೀರ್ಮಾನ ಅವಸರದ್ದೆನಿಸುತ್ತದೆ. ಸೋಮವಾರ ಪೀಜಿಯ ಉಪ್ಪಿಟ್ಟು, ಮಂಗಳವಾರ ಕಚೇರಿಯ ಬಿಸ್ಕತ್ತು, ಬುಧವಾರ ಯಾರದೋ ಹುಟ್ಟುಹಬ್ಬದ ಕೇಕು, ಗುರುವಾರ ಮ್ಯಾನೇಜರರ ಲೆಕ್ಕದ ಬಿರಿಯಾನಿ, ಶುಕ್ರವಾರ ದರ್ಶಿನಿ, ಶನಿವಾರ ತಿಂಡಿ ಬೀದಿ, ಭಾನುವಾರ ಚಿಕ್ಕಮ್ಮನ ಮನೆ. ಏಳು ದಿನ, ಏಳು ಒಲೆ. ಹಿಂದಿನವನು ಬಚ್ಚಲಲ್ಲಿ ಕೈಕಾಲು ತೊಳೆದುಕೊಂಡು ಒಳಗೆ ಹೋಗುತ್ತಿದ್ದ, ಈಗಿನವನು ಕೊರಳಿನ ಗುರುತಿನ ಚೀಟಿಯನ್ನು ಯಂತ್ರಕ್ಕೆ ತೋರಿಸಿ ಹೋಗುತ್ತಾನೆ ಎಂಬಷ್ಟೇ ವ್ಯತ್ಯಾಸ.

ಇಂಟರ್ನ್‌ಶಿಪ್ ಎಂದರೆ, ಕಾಲೇಜಿನಲ್ಲಿ ಓದಿದ್ದನ್ನು ಕೆಲಸದ ಜಾಗದಲ್ಲಿ ಮಾಡಿ ನೋಡಲೆಂದು ವಿದ್ಯಾರ್ಥಿ ಒಂದು ಸಂಸ್ಥೆಯಲ್ಲಿ ಕಳೆಯುವ ಕೆಲವು ವಾರಗಳ ಅಥವಾ ತಿಂಗಳುಗಳ ಅವಧಿ. 1998ರಲ್ಲಿ ಬೆಳಗಾವಿಯನ್ನು ಕೇಂದ್ರವಾಗಿಟ್ಟುಕೊಂಡು ಸ್ಥಾಪನೆಯಾದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ ಇದನ್ನು ಪದವಿಯ ಅಂಗವಾಗಿಸಿರುವುದರಿಂದ, ಹಾವೇರಿ, ಗದಗ, ಚಿಕ್ಕಮಗಳೂರು, ಶಿರಸಿ ಕಡೆಯ ಮಕ್ಕಳು ಓದಿನ ಕೊನೆಯ ಹಂತಕ್ಕೆ ಬರುತ್ತಿದ್ದಂತೆ ಒಂದು ಲ್ಯಾಪ್‌ಟಾಪು, ಎರಡು ಬ್ಯಾಗು ಮತ್ತು ಮುಚ್ಚಳಕ್ಕೆ ಪ್ಲಾಸ್ಟಿಕ್ ಬಿಗಿದ ಉಪ್ಪಿನಕಾಯಿ ಬಾಟಲಿಯೊಂದಿಗೆ ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿಯುತ್ತಾರೆ. ಸಂಸ್ಥೆ ಅವರಿಗೆ ಕೊಡುವ ಹಣಕ್ಕೆ ಸ್ಟೈಪೆಂಡ್ ಎನ್ನುತ್ತಾರೆ. ಅದನ್ನು ಸಂಬಳವೆನ್ನಲಾಗದು, ಏಕೆಂದರೆ ಅದು ಸಂಬಳದಷ್ಟು ಇರುವುದಿಲ್ಲ, ಹಲವೆಡೆ ಇರುವುದೇ ಇಲ್ಲ. ಗುರುವಿನ ಬಳಿಯಲ್ಲೇ ಇದ್ದು ಕಲಿಯುವ ಶಿಷ್ಯನಿಗೆ ಸಂಸ್ಕೃತದಲ್ಲಿ ಅಂತೇವಾಸಿ ಎಂಬ ಮಾತಿದೆ. ಇಂಟರ್ನ್ ಕೂಡ ಅಂತೇವಾಸಿಯೇ ಹೌದಾದರೂ, ಗುರು ವಾರದಲ್ಲಿ ಮೂರು ದಿನ ಮನೆಯಿಂದಲೇ ಕೆಲಸ ಮಾಡುವುದರಿಂದ ಶಿಷ್ಯನ ಸಮೀಪವಾಸ ಬಹುಮಟ್ಟಿಗೆ ಕಾಫಿ ಯಂತ್ರದ ಜೊತೆ ನಡೆಯುತ್ತದೆ. ಕಾಲೇಜಿಗೆ ಒಪ್ಪಿಸಬೇಕಾದ ದಿನಚರಿಯಲ್ಲಿ ಆ ದಿನ ಏನು ಕಲಿತಾಯಿತೆಂದು ಬರೆಯಲು ಜಾಗವಿದೆ. ಆದರೆ ದಿನದ ಇಪ್ಪತ್ತನಾಲ್ಕು ಗಂಟೆಗಳಲ್ಲಿ ಕಚೇರಿಗೆ ಸಲ್ಲುವುದು ಒಂಬತ್ತು. ಉಳಿದ ಹದಿನೈದು ಗಂಟೆಗಳಿಗೆ ದಿನಚರಿಯಲ್ಲಿ ಕಾಲಂ ಇಲ್ಲ. ಇಲ್ಲಿಯ ವಿಷಯ ಆ ಹದಿನೈದು ಗಂಟೆಗಳು. ಇಲ್ಲಿ 'ಅವನು' ಎಂದಲ್ಲೆಲ್ಲ 'ಅವಳು' ಕೂಡ ಸೇರಿದ್ದಾಳೆಂದು ಓದಿಕೊಳ್ಳಬೇಕು, ಬಸ್ಸಿನ ಟಿಕೆಟ್ಟಿನ ಪ್ರಸಂಗವೊಂದನ್ನು ಬಿಟ್ಟು.

ಪೀಜಿ ಎಂಬುದು ಪೇಯಿಂಗ್ ಗೆಸ್ಟ್ ಎಂಬ ಮಾತಿನ ಮೊಟಕು ರೂಪ. ಅದರಲ್ಲಿ ಗೆಸ್ಟ್ ಎಂಬ ಭಾಗ ಅಲಂಕಾರಕ್ಕೆ, ಪೇಯಿಂಗ್ ಎಂಬ ಭಾಗ ಆಚರಣೆಗೆ. ಒಂದು ಕೋಣೆಯನ್ನು ಎಷ್ಟು ಮಂದಿ ಹಂಚಿಕೊಳ್ಳುತ್ತಾರೆ ಎಂಬುದರ ಮೇಲೆ ಟೂ ಶೇರಿಂಗ್, ತ್ರೀ ಶೇರಿಂಗ್, ಫೋರ್ ಶೇರಿಂಗ್ ಎಂಬ ವರ್ಣವ್ಯವಸ್ಥೆಯಿದ್ದು, ಇಂಟರ್ನ್ ಸಾಮಾನ್ಯವಾಗಿ ಫೋರ್ ಶೇರಿಂಗಿನಲ್ಲಿ ಬಾಗಿಲ ಪಕ್ಕದ ಮಂಚಕ್ಕೆ ಸೇರಿದವನು. ಹೊರಗಿನ ಫಲಕದಲ್ಲಿ 'ಉತ್ತರ ಮತ್ತು ದಕ್ಷಿಣ ಭಾರತದ ಊಟ ದೊರೆಯುತ್ತದೆ' ಎಂದಿರುತ್ತದೆ. ಇದರ ಅರ್ಥ ಎರಡು ಬಗೆಯ ಅಡುಗೆ ಉಂಟೆಂದಲ್ಲ. ಅಲ್ಲಿಯ ಒಂದೇ ಪಲ್ಯವನ್ನು ಉತ್ತರದವರು ಇದು ದಕ್ಷಿಣದ್ದಿರಬೇಕೆಂದೂ ದಕ್ಷಿಣದವರು ಇದು ಉತ್ತರದ್ದಿರಬೇಕೆಂದೂ ತಿಳಿದು ಪರಸ್ಪರ ಗೌರವದಿಂದ ಉಣ್ಣುತ್ತಾರೆಂದು. ಸಾಂಬಾರಿನ ವಿಷಯದಲ್ಲಿ ಮಾತ್ರ ಈ ಸೌಹಾರ್ದ ಮುರಿದು ಬೀಳುತ್ತದೆ. ಹಾವೇರಿಯವನಿಗೆ ಅದರಲ್ಲಿ ಬೆಲ್ಲ ಹೆಚ್ಚು, ಉಡುಪಿಯವನಿಗೆ ಕಾಯಿತುರಿ ಕಾಣೆ, ಹಾಸನದವನಿಗೆ ಮುದ್ದೆಯಿಲ್ಲದ ಮೇಲೆ ಸಾರಿನ ಮಾತೇ ದಂಡ, ಕಾನ್ಪುರದವನಿಗೆ ಅದು ಕುಡಿಯುವುದೋ ಕಲಸುವುದೋ ಎಂಬ ಅನುಮಾನ. ರಾತ್ರಿ ಉಳಿದ ಅನ್ನ ಬೆಳಿಗ್ಗೆ ಅರಿಸಿನ ಬಳಿದುಕೊಂಡು ಚಿತ್ರಾನ್ನವೆಂಬ ಹೆಸರಿನಲ್ಲಿ ಮರಳಿ ಬರುತ್ತದೆ. ಅದರೊಳಗಿನ ಕಡಲೆಬೀಜಗಳನ್ನು ಎಣಿಸಬಹುದು, ಎಣಿಸಿದವರೂ ಇದ್ದಾರೆ. ಗೋಡೆಗೆ ಅಂಟಿಸಿದ ವಾರದ ಮೆನುವಿನಲ್ಲಿ ಭಾನುವಾರ ಮಧ್ಯಾಹ್ನದ ಎದುರು 'ಸ್ಪೆಷಲ್' ಎಂದೂ ಭಾನುವಾರ ರಾತ್ರಿಯ ಎದುರು ಒಂದು ಸಣ್ಣ ಗೀಟೂ ಇರುತ್ತದೆ. ಹೊಸಬರು ಈ ಗೀಟನ್ನು ಮುದ್ರಣದೋಷವೆಂದು ಭಾವಿಸುತ್ತಾರೆ.

ಕಚೇರಿಯ ಕಡೆ ಬಂದರೆ, ಮೊದಲ ವಾರದಲ್ಲಿ ಇಂಟರ್ನ್ ಮಾಡುವ ಕೆಲಸಕ್ಕೆ ಆ್ಯಕ್ಸೆಸ್‌ಗೆ ಕಾಯುವುದು ಎಂದು ಹೆಸರು. ಆ್ಯಕ್ಸೆಸ್ ಎಂದರೆ ಸಂಸ್ಥೆಯ ಕಂಪ್ಯೂಟರ್ ಜಾಲದೊಳಗೆ ಕಾಲಿಡಲು ಬೇಕಾದ ಅನುಮತಿ. ಅದಕ್ಕೆ ಮೂರು ಮಂದಿ ಒಪ್ಪಿಗೆ ಕೊಡಬೇಕು, ಮೂವರಲ್ಲಿ ಒಬ್ಬರು ಸದಾ ರಜೆಯಲ್ಲಿರುತ್ತಾರೆ. ಪ್ಯಾಂಟ್ರಿ ಎನ್ನಿಸಿಕೊಳ್ಳುವ ತಿಂಡಿ ಕೋಣೆಗೆ ಇಂಥ ಅಡ್ಡಿಯಿಲ್ಲದ ಕಾರಣ ಮೊದಲ ವಾರದ ಅಧ್ಯಯನವೆಲ್ಲ ಅಲ್ಲಿಯೇ ನಡೆಯುತ್ತದೆ. ಯಾವ ಗುಂಡಿ ಒತ್ತಿದರೆ ಕಾಫಿಗೆ ನೀರು ಕಡಿಮೆ ಬೀಳುತ್ತದೆ, ಯಾವ ಮಹಡಿಯಲ್ಲಿ ಗೋಡಂಬಿ ಬಿಸ್ಕತ್ತು ಇಡುತ್ತಾರೆ, ಬಾಳೆಹಣ್ಣಿನ ಬುಟ್ಟಿ ಎಷ್ಟು ಗಂಟೆಗೆ ತುಂಬಿ ಎಷ್ಟು ನಿಮಿಷದಲ್ಲಿ ಬರಿದಾಗುತ್ತದೆ ಎಂಬ ವಿಷಯಗಳಲ್ಲಿ ಹತ್ತು ವರ್ಷದಿಂದ ಅಲ್ಲಿಯೇ ಇರುವವರಿಗೂ ಇಂಟರ್ನ್‌ನಷ್ಟು ಖಚಿತ ತಿಳಿವಳಿಕೆ ಇರುವುದಿಲ್ಲ. ಕೆಲವು ಕಚೇರಿಗಳಲ್ಲಿ ರಾತ್ರಿ ಎಂಟರ ಮೇಲೂ ಕೆಲಸ ಮಾಡುವವರಿಗೆ ಊಟ ಉಚಿತ. ಅಲ್ಲಿ ಏಳೂ ಐವತ್ತಕ್ಕೆ ಎಲ್ಲರೂ ಹೊರಟು ಹೋದ ಮೇಲೂ ತೆರೆಯನ್ನೇ ದಿಟ್ಟಿಸುತ್ತ ಕುಳಿತ ಹುಡುಗನನ್ನು ಕಂಡು ಮೇಲಧಿಕಾರಿಗಳು ಮೆಚ್ಚಿಕೊಳ್ಳುತ್ತಾರೆ, ಅವನ ಮೌಲ್ಯಮಾಪನ ಪತ್ರದಲ್ಲಿ ಶ್ರದ್ಧೆ ಎಂಬಲ್ಲಿ ಉತ್ತಮ ಅಂಕ ಬೀಳುತ್ತದೆ. ಆ ಶ್ರದ್ಧೆಯ ಮೂಲ ಪೀಜಿಯ ಸಾಂಬಾರೆಂದು ಅವರಿಗೆ ಯಾರೂ ತಿಳಿಸುವುದಿಲ್ಲ.

ಟ್ರೀಟ್ ಎಂಬುದು ಒಬ್ಬರ ಸಂತೋಷಕ್ಕೆ ಉಳಿದವರು ಉಣ್ಣುವ ಪದ್ಧತಿ. ಬಡ್ತಿ, ಮದುವೆ, ಹೊಸ ಕಾರು, ಕೊನೆಗೆ ಕೆಲಸ ಬಿಟ್ಟು ಹೋಗುವುದು, ಇವೆಲ್ಲಕ್ಕೂ ಟ್ರೀಟ್ ಉಂಟು. ಕೆಲಸಕ್ಕೆ ಸೇರಿದ್ದಕ್ಕೂ ಬಿಟ್ಟದ್ದಕ್ಕೂ ಒಂದೇ ಬಿರಿಯಾನಿ ಬರುವುದನ್ನು ಕಂಡರೆ ಈ ಪದ್ಧತಿಯ ಸಮಚಿತ್ತ ಗೀತೆಗೆ ಹತ್ತಿರವಾದುದೆಂದು ತೋರುತ್ತದೆ. ಹೋಟೆಲಿನಲ್ಲಿ ಮೆನು ಕಾರ್ಡು ಕೈಗೆ ಬಂದೊಡನೆ ಇಂಟರ್ನ್ ಅದನ್ನು ಉರ್ದುವಿನ ಹಾಗೆ ಬಲದಿಂದ ಎಡಕ್ಕೆ ಓದುತ್ತಾನೆ. ಬೆಲೆ ಒಪ್ಪಿಗೆಯಾದ ಮೇಲಷ್ಟೇ ತಿನಿಸಿನ ಹೆಸರು. ಏನು ಬೇಕಾದರೂ ಹೇಳಿ ಎಂದು ಮ್ಯಾನೇಜರ್ ಅಂದಾಗ ಏನು ಬೇಕಾದರೂ ಹೇಳಬಾರದೆಂಬುದು ಅವನಿಗೆ ಗೊತ್ತಿರುತ್ತದೆ. ಆದ್ದರಿಂದ ಪಕ್ಕದವನು ಹೇಳಿದ್ದನ್ನೇ ಹೇಳುತ್ತಾನೆ, ಪಕ್ಕದವನೂ ಇಂಟರ್ನ್ ಆಗಿದ್ದು ಅವನೂ ಇದೇ ನಿಯಮ ಪಾಲಿಸಿರುತ್ತಾನಾಗಿ, ಮೇಜಿನ ಆ ತುದಿಗೆ ಐದು ಪ್ಲೇಟು ಗೋಬಿ ಮಂಚೂರಿ ಬಂದು ಕೂರುತ್ತದೆ.

ಸ್ವಂತ ದುಡ್ಡಿನಲ್ಲಿ ತಿನ್ನುವ ದಿನ ಅವನು ಹೋಗುವುದು ದರ್ಶಿನಿಗೆ. ಗಲ್ಲಾಪೆಟ್ಟಿಗೆಯಲ್ಲಿ ಹಣ ಕೊಟ್ಟು ಚೀಟಿ ಪಡೆದು, ಒಲೆಯ ಮುಂದೆ ತಾನೇ ನಿಂತು ತಟ್ಟೆ ತಂದುಕೊಂಡು, ಎದೆಮಟ್ಟದ ಮೇಜಿನ ಬಳಿ ನಿಂತೇ ತಿಂದು ಮುಗಿಸುವ ಹೋಟೆಲಿಗೆ ದರ್ಶಿನಿ ಎನ್ನುತ್ತಾರೆ. 1983ರಲ್ಲಿ ಜಯನಗರದಲ್ಲಿ ತೆರೆದ ಕೆಫೆ ದರ್ಶಿನಿ ಈ ಕುಲದ ಮೂಲಪುರುಷ. ಕುರ್ಚಿಗಳನ್ನು ತೆಗೆದುಹಾಕಿ ಇಡ್ಲಿಯ ಬೆಲೆ ಇಳಿಸಿದ ಈ ಉಪಾಯ ಇಂಟರ್ನ್‌ಗಳಿಗಾಗಿಯೇ ಹುಟ್ಟಿದಂತಿದೆ, ಏಕೆಂದರೆ ದಿನವಿಡೀ ಕಚೇರಿಯಲ್ಲಿ ಕುಳಿತು ಕಾದವನಿಗೆ ನಿಲ್ಲುವುದು ಶಿಕ್ಷೆಯಲ್ಲ. ಇಲ್ಲಿಯೇ ಅವನು ಬೈಟು ಎಂಬ ಗಣಿತವನ್ನು ಕಲಿಯುತ್ತಾನೆ. ಒಂದು ಕಾಫಿಯನ್ನು ಎರಡು ಲೋಟಗಳಿಗೆ ಭಾಗಿಸುವ ಕ್ರಿಯೆಗೆ ಬೆಂಗಳೂರು ಇಟ್ಟ ಹೆಸರು ಬೈಟು. ಕಾಫಿಯವನು ಎರಡು ಸಣ್ಣ ಲೋಟಗಳನ್ನು ಅಕ್ಕಪಕ್ಕ ಇಟ್ಟು, ಡಿಕಾಕ್ಷನ್ ಅನ್ನು ಒಂದಕ್ಕಿಷ್ಟು ಮತ್ತೊಂದಕ್ಕಿಷ್ಟು ಚೆಲ್ಲಿ, ಕುದಿಯುವ ಹಾಲನ್ನು ಮೊಳದುದ್ದ ಮೇಲಿನಿಂದ ಸುರಿದು, ಕೊನೆಗೆ ಮೊದಲನೆಯದಕ್ಕೆ ಅರ್ಧ ಚಮಚದಷ್ಟು ಕೊಸರು ಹಾಕುತ್ತಾನೆ. ಆ ಕೊಸರಿನಿಂದ ಸಮಸ್ಯೆ ಶುರು. ಒಂದು ಲೋಟದಲ್ಲಿ ಕಾಫಿ ಎತ್ತರ, ಇನ್ನೊಂದರಲ್ಲಿ ನೊರೆ ಎತ್ತರ. ನೊರೆಯನ್ನು ಕಾಫಿಯೆಂದು ಲೆಕ್ಕ ಹಿಡಿಯಬೇಕೆ ಬಿಡಬೇಕೆ ಎಂಬ ಬಗ್ಗೆ ಇಬ್ಬರು ಗೆಳೆಯರು ಒಂದು ಮಾತೂ ಆಡದೆ, ಕಣ್ಣಂಚಿನಲ್ಲೇ ಅಳೆದು, ಇಬ್ಬರೂ ಒಟ್ಟಿಗೆ ಒಂದೇ ಲೋಟಕ್ಕೆ ಕೈ ಚಾಚುತ್ತಾರೆ. ನಾಲ್ಕು ವರ್ಷದ ಇಂಜಿನಿಯರಿಂಗ್ ಓದಿನಲ್ಲಿ ದ್ರವದ ಮಟ್ಟವನ್ನು ಇಷ್ಟು ಶ್ರದ್ಧೆಯಿಂದ ಅಳೆದ ದಾಖಲೆ ಪ್ರಯೋಗಶಾಲೆಯ ಯಾವ ಪುಸ್ತಕದಲ್ಲೂ ಸಿಗದು.

ಬೆಂಗಳೂರಿನ ಹೋಟೆಲುಗಳಿಗೂ ವಿದ್ಯಾರ್ಥಿಯ ಹೊಟ್ಟೆಗೂ ಇರುವ ನಂಟು ಹಳೆಯದು. ಗಾಂಧಿಬಜಾರಿನ ವಿದ್ಯಾರ್ಥಿ ಭವನ 1943ರಲ್ಲಿ ಆರಂಭವಾದಾಗ ಸುತ್ತಲಿನ ಶಾಲಾ ಕಾಲೇಜುಗಳ ಹುಡುಗರಿಗೆ ತಿಂಡಿ ಕೊಡುವ ಸಣ್ಣ ಜಾಗವಾಗಿತ್ತು. ಹೆಸರೂ ಅವರಿಂದಲೇ ಬಂತು. ಹುಡುಗರು ಮುದುಕರಾದರು, ಹೆಸರು ಹಾಗೇ ಉಳಿಯಿತು, ಮಸಾಲೆ ದೋಸೆಯೂ ಉಳಿಯಿತು. ಈಗ ಭಾನುವಾರ ಬೆಳಿಗ್ಗೆ ಅದರ ಮುಂದಿನ ಫುಟ್‌ಪಾತ್‌ನಲ್ಲಿ ಕಾದು ನಿಂತವರಲ್ಲಿ ನಿಜವಾದ ವಿದ್ಯಾರ್ಥಿಗಳನ್ನು ಗುರುತಿಸುವುದು ಸುಲಭ, ಒಳಗೆ ಒಂದೇ ತೋಳಿನ ಮೇಲೆ ಹತ್ತಾರು ದೋಸೆ ತಟ್ಟೆ ಪೇರಿಸಿಕೊಂಡು ಬರುವ ಮಾಣಿಯನ್ನು ಕಂಡು ಫೋನು ಮೇಲೆತ್ತುವವರು ಅವರೇ. ಶುಕ್ರವಾರ ಅದಕ್ಕೆ ವಾರದ ರಜೆಯೆಂಬುದು, ಶುಕ್ರವಾರ ಮನೆಯಿಂದ ಕೆಲಸ ಮಾಡಲು ಅನುಮತಿಯುಳ್ಳ ಇಂಟರ್ನ್‌ಗೆ ಅದರ ಮುಚ್ಚಿದ ಬಾಗಿಲ ಮುಂದೆ ನಿಂತಾಗಲೇ ತಿಳಿಯುವುದು. 1924ರಲ್ಲಿ ಆರಂಭವಾದ ಎಂಟಿಆರ್, ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವ ಬಂದಾಗ ರವೆಯಿಂದ ಇಡ್ಲಿ ಮಾಡಿತೆಂಬ ಕಥೆಯನ್ನು ಅಡುಗೆಮನೆಗಳಲ್ಲಿ ಎಲ್ಲರೂ ಬಲ್ಲರು. ಎಂಟಿಆರ್ ಕಟ್ಟಿದ ಮಯ್ಯರೂ ವಿದ್ಯಾರ್ಥಿ ಭವನ ತೆರೆದ ಉರಾಳರೂ ಉಡುಪಿಯ ಕಡೆಯಿಂದ ಬಂದವರೆಂಬುದು ಇಲ್ಲಿ ನೆನಪಿಸಿಕೊಳ್ಳಬೇಕಾದ ಸಂಗತಿ. ಪರವೂರಿನಿಂದ ಬಂದವರು ಪರವೂರಿನಿಂದ ಬಂದವರಿಗೆ ಬಡಿಸುವುದೇ ಈ ಊರಿನ ಊಟದ ಚರಿತ್ರೆ. ದುಡ್ಡು ತೀರಾ ಮುಗಿದ ತಿಂಗಳ ಕೊನೆಯ ವಾರಕ್ಕೆ 2017ರಲ್ಲಿ ಬಂದ ಇಂದಿರಾ ಕ್ಯಾಂಟೀನ್ ಇದೆ, 5 ರೂಪಾಯಿಗೆ ತಿಂಡಿ, 10 ರೂಪಾಯಿಗೆ ಊಟವೆಂಬ ಲೆಕ್ಕದಲ್ಲಿ ಶುರುವಾದದ್ದು. ಅಲ್ಲಿಗೆ ಹೋಗುವಾಗ ಇಂಟರ್ನ್ ಕೊರಳಿನ ಗುರುತಿನ ಚೀಟಿಯನ್ನು ಜೇಬಿನೊಳಗೆ ಇಳಿಸಿಕೊಳ್ಳುತ್ತಾನೆ, ಹೊರಬಂದ ಮೇಲೆ ಮತ್ತೆ ಹಾಕಿಕೊಳ್ಳುತ್ತಾನೆ. ಈ ಸಂಕೋಚಕ್ಕೆ ಕಾರಣವಿಲ್ಲ. ಹತ್ತು ರೂಪಾಯಿಯ ಅನ್ನ ಸಾಂಬಾರು ಹಲವು ಪೀಜಿಗಳ ಅನ್ನ ಸಾಂಬಾರಿಗಿಂತ ಮೇಲೆಂದು ತಿಂದವರೇ ಹೇಳುತ್ತಾರೆ.

ಹಣ ಕೊಡುವ ಬಗೆಯಲ್ಲೂ ಒಂದು ವಿಶೇಷವಿದೆ. ಬ್ಯಾಂಕ್ ಖಾತೆಯಿಂದ ಖಾತೆಗೆ ಮೊಬೈಲಿನಿಂದಲೇ ಹಣ ದಾಟಿಸುವ ಯುಪಿಐ ವ್ಯವಸ್ಥೆ 2016ರಲ್ಲಿ ಬಂದ ಮೇಲೆ ಪಾನಿಪುರಿ ಗಾಡಿಯಲ್ಲೂ ಚಿಲ್ಲರೆಯ ಸದ್ದು ಅಡಗಿತು. 2024ರಲ್ಲಿ ಇದಕ್ಕೆ ಯುಪಿಐ ಸರ್ಕಲ್ ಎಂಬ ಹೊಸ ಸೌಲಭ್ಯ ಸೇರಿಕೊಂಡಿತು. ಒಬ್ಬರ ಖಾತೆಯಿಂದ ಅವರ ನಂಬಿಕೆಯ ಮತ್ತೊಬ್ಬರು ಹಣ ಕೊಡಲು ಇದರಲ್ಲಿ ಅವಕಾಶವಿದೆ. ನಂಬಿಕೆಯಲ್ಲೂ ಎರಡು ತರಗತಿಗಳು. ಪೂರ್ಣ ನಂಬಿಕೆಯಿದ್ದರೆ ತಿಂಗಳಿಗೆ 15,000 ರೂಪಾಯಿಯ ಮಿತಿಯೊಳಗೆ ಖರ್ಚು ಮಾಡಲು ಬಿಡಬಹುದು. ಭಾಗಶಃ ನಂಬಿಕೆಯಿದ್ದರೆ ಪ್ರತಿಯೊಂದು ಪಾವತಿಗೂ ಖಾತೆಯ ಯಜಮಾನರು ತಮ್ಮ ಫೋನಿನಲ್ಲಿ ಗುಪ್ತಸಂಖ್ಯೆ ಒತ್ತಿ ಒಪ್ಪಿಗೆ ಕೊಡಬೇಕು. ಹಾವೇರಿಯ ತಂದೆ ಎರಡನೆಯದನ್ನು ಆರಿಸಿಕೊಳ್ಳುತ್ತಾರೆಂದು ಬೇರೆ ಹೇಳಬೇಕಾಗಿಲ್ಲ. ಇದರ ಫಲವಾಗಿ ರಾತ್ರಿ ಒಂಬತ್ತೂವರೆಗೆ ಬೀದಿ ಬದಿಯಲ್ಲಿ ಖಾಲಿಯಾದ ಮಸಾಲೆಪುರಿ ತಟ್ಟೆ ಹಿಡಿದ ಮಗ, ಹಣಕ್ಕಾಗಿ ಕಾದ ಗಾಡಿಯವನು, ಮುನ್ನೂರೈವತ್ತು ಕಿಲೋಮೀಟರ್ ಆಚೆ ಕನ್ನಡಕ ಹುಡುಕುತ್ತಿರುವ ತಂದೆ, ಈ ಮೂವರೂ ಒಂದೇ ವಹಿವಾಟಿನಲ್ಲಿ ಸಿಕ್ಕಿಕೊಳ್ಳುತ್ತಾರೆ. ಗಾಡಿಯವನು ಒಲೆ ಆರಿಸುತ್ತಾನೆ, ಮಗ ಫೋನನ್ನು ಎತ್ತರಕ್ಕೆ ಹಿಡಿದು ಸಿಗ್ನಲ್ ಹುಡುಕುವವನಂತೆ ನಟಿಸುತ್ತಾನೆ, ಕೊನೆಗೆ ಗಾಡಿಯ ಮೇಲಿನ ಪೆಟ್ಟಿಗೆಯೊಳಗಿನ ದನಿ 40 ರೂಪಾಯಿ ಬಂತೆಂದು ಬೀದಿಗೆಲ್ಲ ಸಾರುತ್ತದೆ. ಒಪ್ಪಿಗೆಯ ಬೆನ್ನಿಗೇ ಕರೆಯೂ ಬರುತ್ತದೆ: "ಮತ್ತ ಮಸಾಲಿಪುರಿ ಏನಪಾ? ಅಲ್ಲೆ ಊಟಾ ಕೊಡಂಗಿಲ್ಲೇನು ಅವರು?" ಕೊಡುತ್ತಾರೆ, ಅದಕ್ಕಾಗಿಯೇ ಮಸಾಲೆಪುರಿ ಎಂಬ ಉತ್ತರ ಮಗನಿಗೆ ಗೊತ್ತಿದ್ದರೂ ಅವನು ಅದನ್ನು ಹೇಳುವುದಿಲ್ಲ, ಏಕೆಂದರೆ ಆ ಮಾತು ಕೇಳಿದ ತಾಯಿ ಮರುದಿನದ ಬಸ್ಸಿಗೇ ಡಬ್ಬಿ ಕಳಿಸುತ್ತಾಳೆ.

ಡಬ್ಬಿ ಬರುವುದು ಹೇಗೂ ತಪ್ಪದು. ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ, ಶೇಂಗಾ ಹೋಳಿಗೆ, ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿದ ಬೆಲ್ಲದುಂಡೆ ಇವನ್ನು ಹೊತ್ತ ಡಬ್ಬಿ ಫೋರ್ ಶೇರಿಂಗ್ ಕೋಣೆಯಲ್ಲಿ ತೆರೆದುಕೊಂಡಾಗ ಬೇರೆ ಮಹಡಿಗಳಲ್ಲಿದ್ದು ಈವರೆಗೆ ಮುಖ ತೋರಿಸದವರೂ ಚಾರ್ಜರ್ ಕೇಳುವ ನೆಪದಲ್ಲಿ ಬರುತ್ತಾರೆ. ಕಾನ್ಪುರದವನು ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಹಾಗೆಯೇ ಕಡಿಯುತ್ತಾನೆ, ಎರಡನೆಯ ದಿನಕ್ಕೆ ಅದರ ಮೇಲೆ ಎಣ್ಣೆ ಚಟ್ನಿಪುಡಿ ಕಲಸಿಕೊಂಡು ತಿನ್ನುವುದನ್ನು ಕಲಿಯುತ್ತಾನೆ, ಮೂರನೆಯ ದಿನ ಮುಂದಿನ ಡಬ್ಬಿ ಯಾವಾಗ ಎಂದು ಕನ್ನಡದಲ್ಲೇ ಕೇಳುತ್ತಾನೆ. ಬೆಂಗಳೂರಿಗೆ ಬಂದವರಿಗೆ ಕನ್ನಡ ಕಲಿಸುವುದು ಹೇಗೆಂದು ಸಭೆ ಸೇರಿಸುವವರು ಶೇಂಗಾ ಹೋಳಿಗೆಯ ಈ ಸಾಮರ್ಥ್ಯವನ್ನು ಗಮನಕ್ಕೆ ತೆಗೆದುಕೊಂಡಂತಿಲ್ಲ.

ಇಂಟರ್ನ್‌ನ ತಿರುಗಾಟಕ್ಕೆ ಶನಿವಾರ ಭಾನುವಾರ ಎಂಬ ಎರಡು ದಿನಗಳಿದ್ದು, ಶನಿವಾರದ ಪೂರ್ವಾರ್ಧ ಬಟ್ಟೆ ಒಗೆಯುವ ಯಂತ್ರದ ಸರದಿಯಲ್ಲಿ ಕಳೆಯುತ್ತದೆ. ಹೊರಡುವುದಕ್ಕೆ ವಾಹನ ಬೇಕು. 2011ರ ಅಕ್ಟೋಬರ್ 20ರಂದು ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಯವರೆಗೆ ಓಡಲು ಆರಂಭಿಸಿದ ನಮ್ಮ ಮೆಟ್ರೋ 2023ರ ಅಕ್ಟೋಬರಿನಿಂದ ವೈಟ್‌ಫೀಲ್ಡಿನ ಇಂಟರ್ನ್‌ಗಳನ್ನು ನೇರವಾಗಿ ಮೆಜೆಸ್ಟಿಕ್‌ಗೆ ತಂದು ಬಿಡುತ್ತಿದೆ. 2025ರ ಫೆಬ್ರವರಿಯಲ್ಲಿ ಅದರ ಗರಿಷ್ಠ ದರ 60ರಿಂದ 90 ರೂಪಾಯಿಗೆ ಏರಿದ ಮೇಲೆ ಹೋಗಿ ಬರುವ ಖರ್ಚು ಮಸಾಲೆ ದೋಸೆಯ ಲೆಕ್ಕದಲ್ಲಿ ನೋಡತಕ್ಕದ್ದಾಗಿದೆ. ಬಸ್ಸಿನ ಟಿಕೆಟ್ಟಿನ ಪ್ರಸಂಗ ಬರುವುದು ಇಲ್ಲಿ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಂತೆ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಪ್ರಯಾಣ ಉಚಿತವಾದ್ದರಿಂದ ಇಂಟರ್ನ್ ಹುಡುಗಿ ಆಧಾರ್ ಕಾರ್ಡು ತೋರಿಸಿ ಶೂನ್ಯ ಟಿಕೆಟ್ ಪಡೆಯುತ್ತಾಳೆ, ಅವಳ ಸಹಪಾಠಿ ಪೂರ್ತಿ ಟಿಕೆಟ್ ಕೊಂಡು ಪಕ್ಕದಲ್ಲಿ ಜೋತುಬೀಳುತ್ತಾನೆ. ಇಬ್ಬರೂ ತಿಂಡಿ ಬೀದಿಯಲ್ಲಿ ಇಳಿದ ಮೇಲೆ ಉಳಿತಾಯದ ಹಣದ ಹೋಳಿಗೆಯನ್ನು ಅವಳು ಇಡಿಯಾಗಿ ತಿನ್ನುತ್ತಾಳೆ. ಅವನು ಬೈಟು ಕೇಳಿದರೆ ಸರ್ಕಾರದ ಯೋಜನೆಯ ಉದ್ದೇಶವೇ ಬೇರೆಯೆಂದು ವಿವರಿಸುತ್ತಾಳೆ.

ದೂರದ ಪ್ರವಾಸಕ್ಕೆ ಮೊದಲು ವಾಟ್ಸ್ಆ್ಯಪ್ ಗುಂಪು ರಚನೆಯಾಗುತ್ತದೆ. ಗುಂಪಿನ ಹೆಸರು 'ಗೋಕರ್ಣ', ಸದಸ್ಯರು ಹದಿನಾಲ್ಕು. ಗುರುವಾರದ ಹೊತ್ತಿಗೆ ಅದು ಒಂಬತ್ತಾಗಿ ಗೋಕರ್ಣ ಶಿವನಸಮುದ್ರವಾಗುತ್ತದೆ, ಶುಕ್ರವಾರ ರಾತ್ರಿ ಐದಾಗಿ ನಂದಿ ಬೆಟ್ಟವಾಗುತ್ತದೆ, ಶನಿವಾರ ಮೂವರು ಲಾಲ್‌ಬಾಗಿನಲ್ಲಿ ಕಾಣಿಸಿಕೊಳ್ಳುತ್ತಾರೆ. ಗುಂಪಿನ ಹೆಸರು ಮಾತ್ರ ಕೊನೆಯವರೆಗೂ ಗೋಕರ್ಣವೇ.

ಹೈದರಾಲಿ 1760ರಲ್ಲಿ ಆರಂಭಿಸಿದ ಲಾಲ್‌ಬಾಗ್ ತೋಟದ ನಡುವೆ ಕೆಂಪೇಗೌಡರ ಗೋಪುರವನ್ನು ಹೊತ್ತು ನಿಂತ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷವೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಆ ಬಂಡೆಯ ಮೇಲೆ ಕುಳಿತು, ಕಾಗದದ ಪೊಟ್ಟಣದಿಂದ ಖಾರ ಹಚ್ಚಿದ ಮಾವಿನಕಾಯಿ ಹೋಳು ತಿನ್ನುತ್ತ ಇಂಟರ್ನ್‌ಗಳು ಮಾತನಾಡುವುದು ಪಿಪಿಒ ಬಗ್ಗೆ. ಇಂಟರ್ನ್‌ಶಿಪ್ ಮುಗಿದ ಮೇಲೆ ಅಲ್ಲಿಯೇ ಕೆಲಸ ಕೊಡುವುದಾಗಿ ಸಂಸ್ಥೆ ಮುಂಚಿತವಾಗಿ ನೀಡುವ ಭರವಸೆಗೆ ಪಿಪಿಒ ಎನ್ನುತ್ತಾರೆ. ಮ್ಯಾನೇಜರ್ ಇವತ್ತು ಲಿಫ್ಟಿನಲ್ಲಿ ನಕ್ಕರು, ಆದರೆ ಹೆಸರು ತಪ್ಪು ಕರೆದರು, ಇದು ಶುಭವೋ ಅಶುಭವೋ ಎಂದು ಒಂದು ಗಂಟೆ ಚರ್ಚೆಯಾಗುತ್ತದೆ. ಬಂಡೆ ಇಂಥದ್ದನ್ನು ಬಹಳ ಕೇಳಿದೆ. ಕಬ್ಬನ್ ಪಾರ್ಕಿನಲ್ಲಿ ಶನಿವಾರಗಳಂದು ಮರದ ನೆರಳಲ್ಲಿ ಚಾಪೆ ಹಾಸಿಕೊಂಡು ಮೌನವಾಗಿ ಪುಸ್ತಕ ಓದುವ ಗುಂಪೊಂದು ಸೇರುತ್ತದೆ. ಅಲ್ಲಿಗೂ ಇಂಟರ್ನ್ ಹೋಗುತ್ತಾನೆ, ಪುಸ್ತಕವನ್ನು ಎದೆಯ ಮೇಲೆ ತೆರೆದಿಟ್ಟುಕೊಂಡು ಫೋಟೊ ತೆಗೆಸಿಕೊಳ್ಳುತ್ತಾನೆ, ಅದೇ ಭಂಗಿಯಲ್ಲಿ ನಿದ್ರೆ ಹೋಗುತ್ತಾನೆ. ನಾಲ್ವರ ಕೋಣೆಯಲ್ಲಿ ವಾರವಿಡೀ ಒಬ್ಬನಲ್ಲ ಒಬ್ಬನ ಫೋನು ಬೆಳಗುತ್ತಲೇ ಇರುವುದರಿಂದ ಅವನ ಪಾಲಿಗೆ ಅದೇ ವಾರದ ಉತ್ತಮ ನಿದ್ರೆ, ಸುತ್ತಲಿನವರ ಮೌನಕ್ಕೆ ಅವನು ಸಲ್ಲಿಸಬಹುದಾದ ಗೌರವವೂ ಅದೇ.

ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದ ನಂದಿ ಬೆಟ್ಟಕ್ಕೆ ಸೂರ್ಯೋದಯ ನೋಡಲು ಹೋಗುವುದು ಇಂಟರ್ನ್‌ಶಿಪ್ಪಿನ ಉಪನಯನದಂಥ ಸಂಸ್ಕಾರ. ಮುಂಜಾನೆ ಮೂರೂವರೆಗೆ ಎದ್ದು, ಹಿಂದೆ ಕೂತವನಿಗೂ ಹೆಲ್ಮೆಟ್ ಕಡ್ಡಾಯವಾದ್ದರಿಂದ ಅಳತೆಗೆ ಸೇರದ ಎರವಲು ಹೆಲ್ಮೆಟನ್ನು ಒಂದು ಕೈಯಲ್ಲಿ ಒತ್ತಿಹಿಡಿದು, ಸುಮಾರು 60 ಕಿಲೋಮೀಟರ್ ಚಳಿಯಲ್ಲಿ ನಡುಗುತ್ತ ಹೋದರೆ ಬೆಟ್ಟದ ಬುಡದಲ್ಲಿ ಕಾಣುವುದು ಕೆಂಪು ಬೆಳಕು. ಅದು ಸೂರ್ಯನದಲ್ಲ, ಮುಂದೆ ನಿಂತ ವಾಹನಗಳ ಹಿಂದಿನ ದೀಪಗಳದು. ಮೇಲೆ ತಲುಪುವಷ್ಟರಲ್ಲಿ ಮಂಜು ಕವಿದು, ಸೂರ್ಯ ಯಾವ ದಿಕ್ಕಿನಲ್ಲಿ ಹುಟ್ಟುತ್ತಾನೆಂದು ಫೋನು ನೋಡಿ ತಿಳಿಯಬೇಕಾಗುತ್ತದೆ. ಮಂಜನ್ನೇ ಹಿನ್ನೆಲೆಯಾಗಿಟ್ಟುಕೊಂಡು ನಲವತ್ತು ಚಿತ್ರ ತೆಗೆದು, ಇಳಿದು ಬಂದು, ಹೆದ್ದಾರಿಯ ಪಕ್ಕದಲ್ಲಿ ತಟ್ಟೆ ಇಡ್ಲಿ ತಿಂದಾಗ ಮಾತ್ರ ಪ್ರವಾಸ ಸಾರ್ಥಕವಾಯಿತೆನಿಸುತ್ತದೆ. ಇಡ್ಲಿಗಾಗಿಯೇ ಹೋಗಿದ್ದರೆ ಏಳಕ್ಕೆ ಎದ್ದು ಪೀಜಿಯ ಎದುರಿನ ಅಂಗಡಿಗೆ ಹೋದರೆ ಸಾಕಾಗುತ್ತಿತ್ತು ಎಂಬ ವಿಚಾರ ಹಿಂದೆ ಕೂತವನಿಗೆ ಹೊಳೆದರೂ ಹೆಲ್ಮೆಟಿನೊಳಗಿಂದ ಅದು ಹೊರಗೆ ಕೇಳುವುದಿಲ್ಲ.

ಸಂಸ್ಕೃತಿಯ ಕಡೆಗೂ ಒಂದು ಪ್ರಯತ್ನ ನಡೆಯುತ್ತದೆ. ಶಂಕರ್ ನಾಗ್ ಅವರ ನೆನಪಿನಲ್ಲಿ ಅರುಂಧತಿ ನಾಗ್ ಅವರ ಮುಂದಾಳತ್ವದಲ್ಲಿ 2004ರಲ್ಲಿ ಜೆ.ಪಿ. ನಗರದಲ್ಲಿ ತೆರೆದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಾಗಿಲು ತೆರೆಯುವುದಿಲ್ಲವೆಂಬ ನಿಯಮ ಕಟ್ಟುನಿಟ್ಟು. ಬೆಂಗಳೂರಿನಲ್ಲಿ ಸಮಯಕ್ಕೆ ಸರಿಯಾಗಿ ನಡೆಯುವ ಕೆಲವೇ ಸಂಗತಿಗಳಲ್ಲಿ ಇದೊಂದು, ಆದರೆ ಅಲ್ಲಿಗೆ ಹೋಗುವ ದಾರಿ ವಾಹನದಟ್ಟಣೆಗೆ ಹೆಸರಾದ ಸಿಲ್ಕ್ ಬೋರ್ಡ್ ಮೂಲಕ. ಮುಚ್ಚಿದ ಬಾಗಿಲ ಹೊರಗೆ ಉಳಿದ ಇಂಟರ್ನ್ ಅಲ್ಲಿಯ ಕೆಫೆಯಲ್ಲಿ ಸಾಬೂದಾನಿ ವಡೆ ತಿನ್ನುತ್ತ, ಒಳಗಿನಿಂದ ಕೇಳುವ ನಗೆಯಿಂದಲೇ ನಾಟಕವನ್ನು ಊಹಿಸಿಕೊಂಡು, ಮರುದಿನ ಕಚೇರಿಯಲ್ಲಿ ಅದು ಚೆನ್ನಾಗಿತ್ತೆಂದು ಹೇಳುತ್ತಾನೆ. ವಡೆಯ ಮಟ್ಟಿಗೆ ಅದು ನಿಜವೇ.

ಟೀಮ್ ಔಟಿಂಗ್ ಎಂಬ ಕಚೇರಿಯ ಸಾಮೂಹಿಕ ಪ್ರವಾಸದ ಬಗ್ಗೆ ಹೆಚ್ಚು ಬರೆಯಬೇಕಾಗಿಲ್ಲ. ಕನಕಪುರ ರಸ್ತೆಯ ಕಡೆಯ ಯಾವುದೋ ರೆಸಾರ್ಟಿಗೆ ಹೋಗುತ್ತಾರೆ. ಯಾರು ಸಸ್ಯಾಹಾರಿ, ಯಾರು ಅಲ್ಲ, ಯಾರು ಶನಿವಾರ ಮಾತ್ರ ಸಸ್ಯಾಹಾರಿ ಎಂಬ ಪಟ್ಟಿ ಮಾಡುವ ಹೊಣೆ ಇಂಟರ್ನ್‌ನದು. ಹಗ್ಗಜಗ್ಗಾಟದಲ್ಲಿ ಮ್ಯಾನೇಜರರ ಎದುರು ಪಕ್ಷಕ್ಕೆ ಅವನನ್ನು ಹಾಕುತ್ತಾರೆ, ಅವನ ಕಾಲು ಸರಿಯಾದ ಹೊತ್ತಿಗೆ ಜಾರುತ್ತದೆ.

ಉಳಿದದ್ದು ಭಾನುವಾರ. ಬೆಂಗಳೂರಿಗೆ ಬಂದ ಪ್ರತಿಯೊಬ್ಬ ವಿದ್ಯಾರ್ಥಿಗೂ ಬನಶಂಕರಿಯಲ್ಲೋ ರಾಜಾಜಿನಗರದಲ್ಲೋ ಒಬ್ಬ ಚಿಕ್ಕಮ್ಮನೋ ಸೋದರಮಾವನೋ ಇರುತ್ತಾರೆ. ಊರಿನಿಂದ ಹೊರಡುವಾಗ ಅವರ ಮನೆಗೆ ಹೋಗು ಎಂದು ತಾಯಿ ಹೇಳಿದ್ದನ್ನು ಅವನು ಮೊದಲ ತಿಂಗಳು ಮರೆತಿರುತ್ತಾನೆ, ಎರಡನೆಯ ತಿಂಗಳ ಮೂರನೆಯ ವಾರದಲ್ಲಿ ಅವನಿಗೆ ರಕ್ತಸಂಬಂಧದ ಮಹತ್ವ ಹೊಳೆಯುತ್ತದೆ. ಚಿಕ್ಕಮ್ಮ "ಎಷ್ಟು ಇಳಿದುಹೋಗಿದ್ದೀಯೋ" ಎನ್ನುತ್ತಲೇ ಮೂರನೆಯ ಸಲ ಅನ್ನ ಬಡಿಸುತ್ತಾಳೆ. ಚಿಕ್ಕಪ್ಪ ಕಂಪನಿ ಏನು ಮಾಡುತ್ತದೆಂದು ಕೇಳುತ್ತಾರೆ, ಅವನಿಗೂ ಅದು ಅಷ್ಟಾಗಿ ತಿಳಿದಿರುವುದಿಲ್ಲ, ಹೀಗಾಗಿ ಇಬ್ಬರೂ ಕ್ರಿಕೆಟ್ಟಿನ ಕಡೆ ತಿರುಗುತ್ತಾರೆ. ಊಟವಾದ ಮೇಲೆ ಮನೆಯ ಕಂಪ್ಯೂಟರು ನಿಧಾನವಾಗಿದೆ, ಸ್ವಲ್ಪ ನೋಡು ಎಂಬ ಮಾತು ಬರುತ್ತದೆ. ಹಿಂದಿನ ಕಾಲದ ವಾರಾನ್ನದ ಹುಡುಗ ಉಂಡ ಮನೆಯಲ್ಲಿ ನೀರು ಸೇದಿ ಕೊಡುತ್ತಿದ್ದ, ಮಕ್ಕಳಿಗೆ ಪಾಠ ಹೇಳಿಕೊಡುತ್ತಿದ್ದ. ಇವನು ಬೇಡದ ಫೈಲು ಅಳಿಸಿ, ಚಿಕ್ಕಪ್ಪನ ಮರೆತ ಪಾಸ್‌ವರ್ಡ್ ಬದಲಿಸಿ, ವೈಫೈ ಡಬ್ಬಿಯನ್ನು ಒಮ್ಮೆ ಆರಿಸಿ ಹೊತ್ತಿಸಿ ಋಣ ತೀರಿಸುತ್ತಾನೆ. ಹೊರಡುವಾಗ ಕೈಗೆ ಒಂದು ಸ್ಟೀಲ್ ಡಬ್ಬಿ ಬರುತ್ತದೆ, ಡಬ್ಬಿ ವಾಪಸ್ಸು ತರಬೇಕೆಂಬ ಎಚ್ಚರಿಕೆಯೂ ಬರುತ್ತದೆ. ಆ ಎಚ್ಚರಿಕೆಯೇ ಮುಂದಿನ ಭಾನುವಾರದ ಆಮಂತ್ರಣವೆಂದು ಬಲ್ಲವನು ಡಬ್ಬಿಯನ್ನು ಪೀಜಿಯಲ್ಲಿ ಲ್ಯಾಪ್‌ಟಾಪಿಗಿಂತ ಜೋಪಾನವಾಗಿ ಇಡುತ್ತಾನೆ.

ಬೆಂಗಳೂರಿನಲ್ಲಿ ಮನೆಮಾಡಿಕೊಂಡಿರುವ ಓದುಗರಲ್ಲಿ ಒಂದು ವಿನಂತಿ. ಅಣ್ಣನ ಮಗಳೋ ತಂಗಿಯ ಮಗನೋ ಊರಿನ ಪಕ್ಕದ ಮನೆಯವರ ಹುಡುಗನೋ ಈ ನಗರದಲ್ಲಿ ಇಂಟರ್ನ್‌ಶಿಪ್ ಮಾಡುತ್ತಿದ್ದರೆ, ಅವರನ್ನು ಭಾನುವಾರ ಮಧ್ಯಾಹ್ನದ ಬದಲು ರಾತ್ರಿಯ ಊಟಕ್ಕೆ ಕರೆಯಬೇಕು. ಮಧ್ಯಾಹ್ನ ಪೀಜಿಯಲ್ಲಿ ಸ್ಪೆಷಲ್ ಇರುತ್ತದೆ. ರಾತ್ರಿ ಅಲ್ಲಿ ಒಲೆ ಹಚ್ಚುವುದಿಲ್ಲ.